ಹೊಳೆಗೆ ಇಳಿದ ಮೋಡ

ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಾಗ ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಇದ್ದದ್ದು ದಾವಣಗೆರೆಯಲ್ಲಿ, ಪಿ.ಜೆ. ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ. ಮನೆಯಲ್ಲಿ ಮೂರೇ ಜನ: ಹತ್ತಿ ಗಿರಣಿಯ ಕಚೇರಿಯಲ್ಲಿ ಕೆಲಸಕ್ಕಿದ್ದ ನಮ್ಮ ಮನೆಯವರು, ಅವರ ತಾಯಿ, ನಾನು. ಸೊಸೆಯಾದವಳು ದಿನಾ ರೈಲು ಹತ್ತಿ ಪಕ್ಕದ ಊರಿಗೆ ಕೆಲಸಕ್ಕೆ ಹೋಗುವುದು ನಮ್ಮ ಓಣಿಗೆ ಹೊಸದು. ಯಾರೋ ಅತ್ತೆಯನ್ನು ಕೇಳಿಯೇ ಬಿಟ್ಟರಂತೆ, "ಸೊಸೀನ ಹಿಂಗೆ ಕಳಿಸ್ತೀರಲ್ಲ, ಹೆಂಗೆ?" ಎಂದು. ಅತ್ತೆ, "ಓದಿದಾಕಿ ಮನಿಯಾಗ ಕುಂತು ಏನ್ ಮಾಡ್ಬೇಕು" ಎಂದಷ್ಟೇ ಹೇಳಿ ಒಳಗೆ ಬಂದರಂತೆ. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯಾಕೆ. ಅತ್ತೆ ಇಂಥದ್ದನ್ನೆಲ್ಲ ಹೇಳಿಕೊಳ್ಳುವವರಲ್ಲ.

ಅವರದು ಮಾತು ಕಡಿಮೆ. ಹೊರಗೆ ಹೋದರೆ ಗುಡಿ, ಗುಡಿ ಬಿಟ್ಟರೆ ಮನೆ. ಹೊರಗಿನವರ ಎದುರು ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತಾಗ ಮಾತ್ರ ಹಾಡುತ್ತಿದ್ದರು. ಹಿಟ್ಟಿನ ಮಿಲ್ಲು ನಮ್ಮ ರಸ್ತೆಯ ತುದಿಯಲ್ಲೇ ಇತ್ತು, ಆದರೂ ಜೋಳ ಮನೆಯಲ್ಲೇ ಬೀಸಬೇಕು. "ಮಿಲ್ಲಿನ ಹಿಟ್ಟು ಸುಟ್ಟಿರ್ತೈತೆ, ರೊಟ್ಟಿ ಹರಿತೈತೆ" ಎನ್ನುತ್ತಿದ್ದರು. ಕಲ್ಲು ತಿರುಗುವ ಸದ್ದು, ಅದರ ಮೇಲೆ ಅವರ ಹಾಡು, ನಾನು ಎಚ್ಚರಾಗುತ್ತಿದ್ದದ್ದು ಅದಕ್ಕೇ.

ಸಂಜೆ ನಾನು ಹರಿಹರದಿಂದ ಬಂದು ಕೈಕಾಲು ತೊಳೆದು ಒಲೆಯ ಮುಂದೆ ಕೂತರೆ ಅತ್ತೆ ರೊಟ್ಟಿ ಬಡಿಯುತ್ತ ಕೇಳುವುದು ಒಂದೇ ಪ್ರಶ್ನೆ: "ಇವತ್ತೇನು ಕಲಿಸಿದ್ಯವ್ವ?"

ಮೊದಮೊದಲು ಸುಮ್ಮನೆ ಕೇಳುತ್ತಾರೆ ಅಂದುಕೊಂಡು ಒಂದು ಮಾತಿನಲ್ಲಿ ಮುಗಿಸುತ್ತಿದ್ದೆ. ಎದೆಯ ಬಡಿತ, ಅಯಸ್ಕಾಂತ, ಬೀಜ ಮೊಳೆಯುವುದು, ಹೀಗೆ. ಆದರೆ ಅವರು ಬಿಡುತ್ತಿರಲಿಲ್ಲ. "ಅಂದ್ರೆ?" ಎಂದು ಕೇಳಿ ಕಾಯುತ್ತಿದ್ದರು. ಹೀಗಾಗಿ ಹಗಲು ಎಂಟನೇ ತರಗತಿಗೆ ಮಾಡಿದ ಪಾಠವನ್ನು ಸಂಜೆ ಅಡುಗೆಮನೆಯಲ್ಲಿ ಇನ್ನೊಂದು ಸಲ ಮಾಡುವುದು ರೂಢಿಯಾಯಿತು. ನಿಜ ಹೇಳಬೇಕೆಂದರೆ ಎರಡನೆಯ ಸಲ ಮಾಡುವಾಗಲೇ ನನಗೂ ಪಾಠ ಸರಿಯಾಗಿ ತಿಳಿಯುತ್ತಿತ್ತು.

ಮೋಡದ ಪಾಠ ಬಂದದ್ದು ದೀಪಾವಳಿ ಕಳೆದ ಮೇಲೆ. ಅವತ್ತು ಒಲೆಯ ಮೇಲೆ ಅನ್ನದ ತಪ್ಪಲೆ ಇತ್ತು. ನಾನು ಮುಚ್ಚಳ ಎತ್ತಿ ಅದರ ಒಳಮೈಯನ್ನು ಅತ್ತೆಗೆ ತೋರಿಸಿದೆ. ನೀರಿನ ಹನಿಗಳು ಸಾಲುಗಟ್ಟಿ ನಿಂತಿದ್ದವು.

"ಇದು ಎಲ್ಲಿಂದ ಬಂತು ಅತ್ತಿ?"

"ಅನ್ನದ ಉಗಿ."

"ಉಗಿಯಾದ ನೀರು ಕಣ್ಣಿಗೆ ಕಾಣದಂಗೆ ಗಾಳಿಯಾಗೆ ಕರಗಿರ್ತೈತೆ. ಮುಚ್ಚಳ ಉಗಿಗಿಂತ ತಣ್ಣಗಿರ್ತೈತಲ್ಲ, ಅದಕ್ಕೆ ತಾಗಿದ ಕೂಡ್ಲೇ ನೀರಾಗ್ತೈತೆ. ಹೊಳೆ, ಕೆರೆ, ಗದ್ದೆ ಎಲ್ಲದರಿಂದ ಹಿಂಗೇ ನೀರು ಗಾಳಿಗೆ ಸೇರ್ತೈತೆ. ಆ ಗಾಳಿ ಮ್ಯಾಲೆ ಹೋದಂಗೆ ತಣ್ಣಗಾಗಿ ಸಣ್ಣ ಸಣ್ಣ ಹನಿ ಆಗ್ತಾವೆ. ಆ ಹನಿಗಳ ರಾಶೀನೇ ಮೋಡ."

ಅತ್ತೆ ರೊಟ್ಟಿ ಮಗುಚಿ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೈ ಸವರಿದರು. ಆಮೇಲೆ ಕೇಳಿದರು, "ನೀರಿನ ಹನಿ ಅಂತೀಯಲ್ಲ. ನೀರು ಭಾರ. ಹಂಗಾರೆ ಮೋಡ ಕೆಳಗೆ ಬೀಳಲ್ಲ ಯಾಕ?"

ಇದರ ಉತ್ತರ ನಾನು ಪದವಿಗೆ ಓದಿದ ಪುಸ್ತಕದಲ್ಲಿ ಇದ್ದಿರಬೇಕು. ನನಗೆ ಈ ಪ್ರಶ್ನೆ ಎಂದೂ ಹುಟ್ಟಿರಲಿಲ್ಲ, ಅಷ್ಟೆ. ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರ ಮನೆ ಎರಡು ರಸ್ತೆ ಆಚೆಗಿತ್ತು. ಭಾನುವಾರ ಹೋಗಿ ಕೇಳಿದೆ. ಅವರು ಪ್ರಶ್ನೆ ಕೇಳಿ ಖುಷಿಪಟ್ಟು, ಕಾಫಿ ತರಿಸಿ ವಿವರಿಸಿದರು. ಮೋಡದ ಹನಿ ಕೂದಲೆಳೆಗಿಂತ ಸಣ್ಣದು. ಅದು ಬೀಳುತ್ತಲೇ ಇರುತ್ತದೆ, ಆದರೆ ಎಷ್ಟು ನಿಧಾನವೆಂದರೆ, ಕೆಳಗಿನಿಂದ ಏಳುವ ಬಿಸಿಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾದ ಮೇಲೆ ಗಾಳಿಯ ಕೈ ಮೀರಿ ಮಳೆಯಾಗುತ್ತವೆ. ಮನೆಗೆ ಬಂದು ಅತ್ತೆಗೆ ಹೇಳಿದೆ. "ಹಿಟ್ಟು ಜರಡಿ ಹಿಡಿವಾಗ ಅದರ ಧೂಳು ಕಿಟಕಿ ಬಿಸಿಲಾಗೆ ತೇಲ್ತೈತಲ್ಲ, ಅದೂ ಭಾರಾನೇ. ಆದ್ರೂ ಎಷ್ಟೊತ್ತು ನಿಂತಿರ್ತೈತೆ."

"ಹಂಗೆ ಹೇಳು ಮತ್ತೆ," ಎಂದರು ಅತ್ತೆ.

ಶಾಲೆಯ ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದ್ದು ಸಾಲದೆನಿಸಿತು. ಗಾಜಿನ ಭರಣಿಯೊಳಗೆ ಮೋಡ ಮಾಡಿ ತೋರಿಸಬೇಕು ಅಂದುಕೊಂಡೆ. ಅದಕ್ಕೆ ಮಂಜುಗಡ್ಡೆ ಬೇಕು. ದಾವಣಗೆರೆ ಸ್ಟೇಷನ್ನಿನ ಹತ್ತಿರದ ಸೋಡಾ ಅಂಗಡಿಯಲ್ಲಿ ಒಂದು ಗಡ್ಡೆ ಕೊಂಡು, ಮರದ ಹೊಟ್ಟಿನಲ್ಲಿ ಮುಚ್ಚಿ, ಗೋಣಿತಾಟಿನಲ್ಲಿ ಸುತ್ತಿ ಬೆಳಗಿನ ಪ್ಯಾಸೆಂಜರ್ ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಎಲ್ಲರ ಕಾಲ ಕೆಳಗೂ ನೀರು ಹರಿಯಿತು. ಸೊಪ್ಪು ಮಾರಲು ಹೊರಟಿದ್ದ ಒಬ್ಬಾಕೆ ತನ್ನ ಬುಟ್ಟಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, "ಏನ್ರಿ ಅದು, ಮೀನಾ?" ಎಂದಳು. ಮೋಡ ಮಾಡೋಕೆ ಒಯ್ಯುತ್ತಿದ್ದೇನೆ ಎಂದೆ. ಆಕೆ ನನ್ನ ಮುಖ ನೋಡಿ ಮುಂದೇನೂ ಕೇಳಲಿಲ್ಲ.

ಭರಣಿಗೆ ಬಿಸಿನೀರು ಹಾಕಿ, ಬಾಯಿಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಉಳಿದಿದ್ದ ಮಂಜುಗಡ್ಡೆ ಇಟ್ಟೆ. ಮೋಡ ಬರಲಿಲ್ಲ. ಗಾಜಿನ ಮೈಯೆಲ್ಲ ಬೆವರಿತು, ಒಳಗೆ ಮಾತ್ರ ಏನೂ ಇಲ್ಲ. ಮಕ್ಕಳು ಮರ್ಯಾದೆಗೆ ಸುಮ್ಮನಿದ್ದರು. ಆಗ ನೆನಪಾಯಿತು, ಹನಿ ಕಟ್ಟಬೇಕಾದರೆ ಅದಕ್ಕೆ ಕೂರಲು ಒಂದು ಕಣ ಬೇಕು, ಧೂಳೋ ಹೊಗೆಯೋ. ಶುಕ್ರವಾರವಾದ್ದರಿಂದ ಕೊಠಡಿಯ ಸರಸ್ವತಿ ಪಟದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಅದನ್ನು ತಂದು ತಟ್ಟೆಯ ಸಂದಿಯಿಂದ ಕೊಂಚ ಹೊಗೆ ಬಿಟ್ಟು ಮತ್ತೆ ಮುಚ್ಚಿದೆ. ಭರಣಿಯ ನಡುವೆ ಬೆಳ್ಳಗೆ ಏನೋ ಸುಳಿಯಿತು, ಸುರುಳಿ ಸುತ್ತಿತು, ದಪ್ಪವಾಯಿತು. ತಟ್ಟೆ ಎತ್ತಿದಾಗ ಅದು ಅಂಚಿನಿಂದ ಉಕ್ಕಿ ಮೇಜಿನ ಮೇಲೆ ಚೆಲ್ಲಿ ಮಾಯವಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಟೀಚರ್, ಚಳಿಗಾಲದಾಗೆ ಬೆಳಿಗ್ಗೆ ನಮ್ಮ ಹೊಳಿ ಮ್ಯಾಲೆ ನಿಂತಿರ್ತೈತಲ್ರಿ, ಅದೂ ಮೋಡಾನಾ?"

"ಹೌದು. ಮ್ಯಾಲೆ ಇದ್ರೆ ಮೋಡ ಅಂತೀವಿ, ನೆಲಕ್ಕೆ ಹತ್ತಿಕೊಂಡಿದ್ರೆ ಮಂಜು ಅಂತೀವಿ. ಎರಡೂ ಒಂದೇ."

ಆ ಸಂಜೆ ಅತ್ತೆಗೆ ಇದನ್ನೂ ಹೇಳಿದೆ. ಹಿಟ್ಟು ನಾದುತ್ತಿದ್ದ ಕೈ ನಿಂತಿತು.

"ಕಾವಳ ಅಂತೀವಲ್ಲ, ಅದಾ? ತೊಗರಿ ಹೂವು ಉದುರಿಸ್ತೈತಲ್ಲ?"

"ಅದೇ."

"ಹಂಗಾರೆ ಮೋಡದಾಗೆ ನಿಂತ್ಕಾಬಹುದು ಅಂದಂಗಾಯ್ತು."

"ಆಯ್ತು."

"ನಾನೂ ಒಂದ್ಸಲ ನಿಂತು ನೋಡ್ಬೇಕು," ಎಂದರು ಅತ್ತೆ. ನಾನು ಆ ಮನೆಗೆ ಬಂದ ಮೇಲೆ ಅವರು ತಮಗಾಗಿ ಏನಾದರೂ ಬೇಕೆಂದದ್ದು ಅದೇ ಮೊದಲು.

ಸಂಕ್ರಾಂತಿಗೆ ಹರಿಹರದ ಹೊಳೆಯಲ್ಲಿ ಸ್ನಾನ ಮಾಡಿ, ದಂಡೆಯಲ್ಲೇ ಬುತ್ತಿ ಬಿಚ್ಚಿ ಉಣ್ಣುವುದು ಸುತ್ತಲಿನ ಜನರ ಪದ್ಧತಿ. ಆ ನೆವ ಒಳ್ಳೆಯದಾಯಿತು. ನಮ್ಮ ಮನೆಯವರಿಗೆ ಗಿರಣಿಯಲ್ಲಿ ರಜೆ ಇರಲಿಲ್ಲ. "ನೀವಿಬ್ರೇ ಹೋಗ್ಬರ್ರಿ" ಎಂದರು. ಹಬ್ಬಕ್ಕೆ ಮುಂಚೆ ಅಕಾಲದ ತುಂತುರು ಬಿದ್ದು ನೆಲ ಹಸಿಯಾಗಿತ್ತು. ಆಮೇಲೆ ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛವಾಗಿ, ಗಾಳಿಯೂ ನಿಂತಿತು. ನನಗೆ ಒಳಗೊಳಗೇ ಆಸೆ. ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ನೆಲ ತಣ್ಣಗಾದರೆ ಅದರ ಮೇಲಿನ ಹಸಿ ಗಾಳಿಯೂ ತಣ್ಣಗಾಗಿ ನಿಂತಲ್ಲೇ ಹನಿಗಟ್ಟುತ್ತದೆ. ಮಂಜು ಬೀಳಲು ಬೇಕಾದದ್ದೆಲ್ಲ ಇತ್ತು.

ಬೆಳಗಿನ ರೈಲಿಗೆ ಹೊರಟೆವು. ಅತ್ತೆ ಕಿಟಕಿಯ ಪಕ್ಕ ಕೂತರು. ಊರಿನ ಅಂಚಿನಲ್ಲಿ ಗಿರಣಿಯ ಚಿಮಣಿಯ ಹೊಗೆ ಮೇಲೇಳದೆ ಹಂಚಿನ ಮನೆಗಳ ಮೇಲೆ ಅಡ್ಡಡ್ಡ ಹಾಸಿಕೊಂಡಿತ್ತು. ಅದನ್ನು ತೋರಿಸಿ, ಕೆಳಗಿನ ಗಾಳಿ ಮೇಲಿನದಕ್ಕಿಂತ ತಣ್ಣಗಿದೆ, ಅದಕ್ಕೇ ಹೊಗೆ ಏಳಲಾರದು ಎಂದೆ. ಊರು ದಾಟಿದ ಮೇಲೆ ತಗ್ಗಿನ ಹೊಲಗಳಲ್ಲಿ ಬಿಳಿಯ ಪಟ್ಟಿಗಳು ಕಂಡವು. ಹರಿಹರ ಬರುವ ಹೊತ್ತಿಗೆ ಕಿಟಕಿಯಾಚೆ ತಂತಿ ಕಂಬವೂ ಕಾಣಿಸಲಿಲ್ಲ.

ಸ್ಟೇಷನ್ನಿನಿಂದ ಗುಡಿಯ ಬೀದಿ ಹಿಡಿದು ನಡೆದೆವು. ಎದುರಿಗೆ ಬರುವವರು ಹತ್ತಿರ ಬಂದ ಮೇಲಷ್ಟೇ ಮನುಷ್ಯರಾಗುತ್ತಿದ್ದರು. ಹೊಳೆಯ ಮೆಟ್ಟಿಲು ಮುಟ್ಟಿದಾಗ ನೀರೇ ಕಾಣದು, ಅದರ ಸದ್ದು ಮಾತ್ರ. ಸ್ನಾನಕ್ಕೆ ಬಂದವರ ಮಾತು, ಬಳೆಯ ಸದ್ದು, ತಂಬಿಗೆಯ ಸದ್ದು ಅಲ್ಲಲ್ಲಿಂದ ಕೇಳುತ್ತಿತ್ತು. ಅತ್ತೆ ಚಪ್ಪಲಿ ಬಿಟ್ಟು, ಗೋಡೆ ಹಿಡಿದುಕೊಂಡು ಕೊನೆಯ ಮೆಟ್ಟಿಲವರೆಗೆ ಇಳಿದರು. ಕೈ ಚಾಚಿ ಬೆರಳು ಮಡಿಸಿ ಬಿಚ್ಚಿದರು. ಅವರ ಹುಬ್ಬಿನ ಕೂದಲಿನ ಮೇಲೆ, ಸೀರೆಯ ನೂಲಿನ ಮೇಲೆ ಸಣ್ಣ ಹನಿಗಳು ಕೂತಿದ್ದವು.

"ಕೈಗೆ ಸಿಗಲ್ಲ," ಎಂದರು. "ತಣ್ಣಗೈತೆ, ಆದ್ರೆ ಹಿಡಿಯೋಕಾಗಲ್ಲ."

"ಮೋಡ ಅತ್ತಿ ಅದು."

"ಹೂಂ. ಮೋಡದಾಗೆ ನಿಂತೀನಿ." ಮುಖ ಎತ್ತಿ ಕಣ್ಣು ಮುಚ್ಚಿ ನಿಂತರು.

ಸೂರ್ಯ ಹುಟ್ಟಿದ್ದು ತಿಳಿದದ್ದು ಮೂಡಣಕ್ಕೆ ಬೆಳ್ಳನೆಯ ತಟ್ಟೆಯಂಥದ್ದು ಕಂಡಾಗ. ಬಿಸಿಲು ಬಂದರೆ ಮಂಜು ಕರಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲ ಕಿರಣಕ್ಕೆ ನೆಲದ ಬಳಿಯ ಗಾಳಿ ಸ್ವಲ್ಪ ಕದಡಿ ಮಂಜು ಇನ್ನಷ್ಟು ದಟ್ಟವಾಗುವುದೂ ಉಂಟು. ಅವತ್ತು ಹಾಗೇ ಆಯಿತು. ಪಕ್ಕದಲ್ಲಿದ್ದ ಗೋಡೆಯೂ ಮಸುಕಾಯಿತು. ಆಗ ಹೊಳೆಯ ಒಳಗಿನಿಂದ ಒಂದು ಗಂಡಸಿನ ಕೂಗು ಬಂತು.

"ದಂಡಿ ಯಾವ ಕಡೆ ಐತ್ರಿ?"

ಆಚೆ ದಡದ ಹಳ್ಳಿಯವರು ಹಬ್ಬದ ಸ್ನಾನಕ್ಕೆ, ದೇವರ ದರ್ಶನಕ್ಕೆ ಹರಿಗೋಲಿನಲ್ಲಿ ಬರುತ್ತಿದ್ದರು. ಸೇತುವೆ ಇತ್ತು, ಆದರೆ ಅವರಿಗೆ ಅದು ದೊಡ್ಡ ಸುತ್ತು. ಹರಿಗೋಲು ದುಂಡಗಿನ ಬುಟ್ಟಿಯಂಥ ದೋಣಿ. ಅದಕ್ಕೆ ಮುಂದು ಹಿಂದು ಇಲ್ಲ. ದಡ ಕಾಣುತ್ತಿದ್ದರೆ ಸರಿ, ಕಾಣದಿದ್ದರೆ ಹುಟ್ಟು ಹಾಕಿದಷ್ಟೂ ತಿರುಗುತ್ತಲೇ ಇರುತ್ತದೆ. ಅಂಬಿಗನಿಗೆ ದಿಕ್ಕು ತಪ್ಪಿತ್ತು.

ಮೆಟ್ಟಿಲ ಮೇಲಿದ್ದವರೆಲ್ಲ ಒಟ್ಟಿಗೆ ಕೂಗಿದರು. "ಈ ಕಡೆ ಬರ್ರಿ, ಈ ಕಡೆ." ಮೇಲಿನ ದಂಡೆಯಲ್ಲಿದ್ದವರೂ ಕೂಗಿದರು. ಕೆಳಗೆ ಬಟ್ಟೆ ಒಗೆಯುತ್ತಿದ್ದವರೂ ಕೂಗಿದರು. ಯಾರ "ಈ ಕಡೆ" ಯಾವ ಕಡೆಯೋ. ಅಂಬಿಗನ ದನಿ ಮೊದಲು ಎದುರಿಗಿತ್ತು, ಆಮೇಲೆ ಎಡಕ್ಕೆ, ಮತ್ತೆ ಇನ್ನೂ ಎಡಕ್ಕೆ ಸರಿಯಿತು. ಹರಿಗೋಲಿನಲ್ಲಿ ಹೆಂಗಸರಿದ್ದರು. ಒಂದು ಕೂಸು ಅಳುತ್ತಿತ್ತು.

ನಮ್ಮ ಹಿಂದೆ ನಿಂತಿದ್ದ ಮುದುಕರೊಬ್ಬರು ಮೆಲ್ಲಗೆ ಹೇಳಿದರು, "ಸೇತುವಿ ಕಡೆ ಹೊಂಟಾರೆ. ಅಲ್ಲಿ ಬಂಡೆ ಅದಾವೆ, ಸೆಳವೂ ಐತೆ."

ತರಗತಿಯಲ್ಲಿ ಗದ್ದಲ ಅಡಗಿಸುವ ದನಿ ತಾನಾಗಿ ಬಾಯಿಗೆ ಬಂತು. "ಎಲ್ರೂ ಸುಮ್ನಿರ್ರಿ. ಹಿಂಗೆ ಕೂಗಿದ್ರೆ ಅವ್ರಿಗೆ ದಿಕ್ಕು ತಿಳಿಯಲ್ಲ. ಒಬ್ರೇ ಕೂಗ್ರಿ, ನಿಂತಲ್ಲಿಂದ್ಲೇ ಕೂಗ್ರಿ." ಜನ ಸುಮ್ಮನಾದರು. ಮಾತು ದಂಡೆಯುದ್ದಕ್ಕೂ ದಾಟಿ ಮೇಲಿನವರೂ ಕೆಳಗಿನವರೂ ಸುಮ್ಮನಾದರು. ಒಬ್ಬ ಗಟ್ಟಿ ಆಳು ಕೂಗತೊಡಗಿದ. ಆದರೆ ಆತ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಹರಿಗೋಲು ಮತ್ತೆ ತಿರುಗಿ, ಅಂಬಿಗ "ಎಲ್ಲಿ? ಎಲ್ಲಿ?" ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಕೂಗುವವನಿಗೆ ಕೆಮ್ಮು ಬಂತು.

ಅತ್ತೆ ನನ್ನ ಸೆರಗು ಹಿಡಿದು ಎಳೆದರು. "ನಡುವೆ ಬಿಡದಂಗೆ ದನಿ ಬೇಕಾ?"

"ಹೌದು ಅತ್ತಿ. ಒಂದೇ ಕಡೆಯಿಂದ, ಬಿಡದಂಗೆ."

ಅವರು ಕೊನೆಯ ಮೆಟ್ಟಿಲ ಮೇಲೆ, ಬೀಸುವ ಕಲ್ಲಿನ ಮುಂದೆ ಕೂರುವ ಹಾಗೆಯೇ, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ಕೂತರು. ಚಾಚಿದ ಕಾಲು ನೀರಿನಲ್ಲಿತ್ತು. ಕತ್ತು ಎತ್ತಿ ಹಾಡು ಶುರು ಮಾಡಿದರು. ಬೆಳಿಗ್ಗೆ ಬೀಸುವಾಗ ಹಾಡುವುದೇ, ಆದರೆ ಆ ದನಿಯಲ್ಲ. ಮನೆಯ ಗೋಡೆಯೊಳಗೆ ಅಷ್ಟು ವರ್ಷ ತಗ್ಗಿಸಿ ಇಟ್ಟುಕೊಂಡಿದ್ದ ದನಿ ಇಷ್ಟು ದೊಡ್ಡದಿದೆಯೆಂದು ನನಗೆ ಗೊತ್ತಿರಲಿಲ್ಲ. ಬೀಸುವವರ ಹಾಡಿಗೆ ನಡುವೆ ನಿಲುಗಡೆ ಇಲ್ಲ. ಒಂದು ಸಾಲಿನ ಕೊನೆ ಇನ್ನೊಂದು ಸಾಲಿನ ತಲೆಗೆ ಹೊಂದಿಕೊಂಡೇ ಇರುತ್ತದೆ, ಉಸಿರು ಎಲ್ಲಿ ತೆಗೆಯುತ್ತಾರೋ ಕೇಳುವವರಿಗೆ ತಿಳಿಯುವುದಿಲ್ಲ. ಮೆಟ್ಟಿಲ ಮೇಲೆ ಯಾರೂ ಅಲುಗಾಡಲಿಲ್ಲ.

"ಹಾಡು ಕೇಳೋ ಕಡೆ ಬರ್ರಿ," ಎಂದು ಹಿಂದಿದ್ದ ಮುದುಕರು ಒಂದೇ ಸಲ ಕೂಗಿ ಸುಮ್ಮನಾದರು.

ಹೊಳೆಯಿಂದ ಉತ್ತರ ಬರಲಿಲ್ಲ. ಕೂಸಿನ ಅಳುವೂ ನಿಂತಿತ್ತು. ಒಂದು ಹಾಡು ಮುಗಿದು, ಅತ್ತೆ ಬಿಡದೆ ಇನ್ನೊಂದಕ್ಕೆ ಸೇರಿಸಿದರು. ಆಮೇಲೆ ಹುಟ್ಟು ನೀರಿಗೆ ಬೀಳುವ ಸದ್ದು ಕೇಳಿತು. ಅದು ಎಡಕ್ಕೆ ಹೋಗಲಿಲ್ಲ, ಬಲಕ್ಕೆ ಹೋಗಲಿಲ್ಲ, ಬರುಬರುತ್ತ ದೊಡ್ಡದಾಯಿತು. ಬಿಳಿಯ ನಡುವೆ ಕಪ್ಪಾಗಿ ಏನೋ ಕಂಡಿತು. ಅದರ ಮೇಲೆ ತಲೆಗಳು ಮೂಡಿದವು. ಗಂಡಸರು ಸೊಂಟಮಟ್ಟ ನೀರಿಗಿಳಿದು ಹರಿಗೋಲಿನ ಅಂಚು ಹಿಡಿದು ಎಳೆದರು.

ಅತ್ತೆ ಹಾಡುವುದನ್ನು ಆಗಲೂ ನಿಲ್ಲಿಸಿರಲಿಲ್ಲ. ನಾನು ಹೆಗಲು ಮುಟ್ಟಿ, "ಬಂದ್ರು ಅತ್ತಿ, ಬಂದ್ರು" ಎಂದ ಮೇಲೆ ಕಣ್ಣು ಬಿಟ್ಟರು.

ಅಂಬಿಗ ನಡುವಯಸ್ಸಿನವನು. ಮೆಟ್ಟಿಲ ಮೇಲೆ ಕೂತು ಮುಖ ಒರೆಸಿಕೊಂಡ. "ಎಲ್ಲಾ ಕಡಿಯಿಂದಾನೂ ಕೂಗು ಬರಾಕತ್ತಿತ್ರಿ, ತಲಿ ಕೆಟ್ಟೋಗಿತ್ತು. ಹಾಡು ಒಂದ್ ಕಡಿಯಿಂದ ಬಂತು," ಎಂದ. ಹರಿಗೋಲಿನಿಂದ ಇಳಿದವರಲ್ಲಿ ಅತ್ತೆಯದೇ ವಯಸ್ಸಿನ ಒಬ್ಬಾಕೆ, ಮೊಮ್ಮಗುವನ್ನು ಸೊಸೆಯ ಕೈಗೆ ಕೊಟ್ಟು, ನೇರ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಏನು ಹೇಳುತ್ತಾಳೋ ಎಂದು ನೋಡಿದೆ.

"ಅಕ್ಕಾ, ಆ ಎರಡನೇ ಹಾಡು ನಮ್ಮಲ್ಲೂ ಐತಿ," ಎಂದಳು. "ಆದ್ರ ಕಡೀ ನುಡಿ ನಮ್ಮದು ಬ್ಯಾರೆ."

ಅತ್ತೆಗೆ ನಗು ಬಂತು. ಆಕೆಗೂ ಬಂತು. ಇಬ್ಬರೂ ನಗುತ್ತಲೇ ಕಣ್ಣು ಒರೆಸಿಕೊಂಡರು. ನಾನು ಕೂತು ಅತ್ತೆಯ ಸೀರೆಯ ಒದ್ದೆ ಅಂಚು ಹಿಂಡಿದೆ.

ಬಿಸಿಲು ಬಲಿತ ಮೇಲೆ ಮಂಜು ಮೊದಲು ನೀರಿನ ಮೈ ಬಿಟ್ಟು ಮೊಳಕಾಲೆತ್ತರ ಮೇಲೆದ್ದಿತು. ಅದರ ಕೆಳಗೆ ಹೊಳೆ ತೆಳ್ಳಗೆ ಹೊಳೆಯಿತು. ನೆಲ ಬೆಚ್ಚಗಾದಂತೆ ಮಂಜು ಕೆಳಗಿನಿಂದ ಕರಗುತ್ತದೆ, ಹಾಗಾಗಿ ಎತ್ತಿದ ಹಾಗೆ ಕಾಣುತ್ತದೆ. ಆಮೇಲೆ ಸೇತುವೆಯ ಕಮಾನುಗಳು ಕಂಡವು, ಗುಡಿಯ ಕಳಸ ಕಂಡಿತು, ಎಲ್ಲ ಚದುರಿ ನೀಲಿ ಆಕಾಶ ಬಿಚ್ಚಿಕೊಂಡಿತು. ನಡುವೆ ಮರಳು ದಿಬ್ಬ ಬಿಟ್ಟುಕೊಂಡಿದ್ದ ಚಳಿಗಾಲದ ಹೊಳೆ. ಆಚೆ ದಡದಲ್ಲಿ ಮೇಯುವ ಎಮ್ಮೆಯ ಕೋಡು ಕೂಡ ಕಾಣುತ್ತಿತ್ತು. "ಇಷ್ಟೇನಾ ಅಗಲ?" ಎಂದರು ಅತ್ತೆ.

ಎಳ್ಳು ಹಚ್ಚಿಕೊಂಡು ಸ್ನಾನ ಮಾಡಿ, ದರ್ಶನ ಮುಗಿಸಿ, ಎರಡೂ ಮನೆಯವರು ಒಂದೇ ಕಡೆ ಬುತ್ತಿ ಬಿಚ್ಚಿದೆವು. ಅವರ ಸಜ್ಜೆ ರೊಟ್ಟಿ, ನಮ್ಮ ಶೇಂಗಾ ಹೋಳಿಗೆ, ಅವರ ಎಣ್ಣೆಗಾಯಿ, ನಮ್ಮ ಮೊಸರನ್ನ. ಊಟವಾದ ಮೇಲೆ ಆಕೆ ಅತ್ತೆಯನ್ನು ಬಿಡಲೊಲ್ಲಳು. "ನಮ್ಮೂರಿಗೆ ಬಂದು ಹೋಗ್ರಿ. ಗಾಣ ನಡೆದೈತಿ, ಕಬ್ಬಿನ ಹಾಲು ಕುಡೀರಿ."

ನಾನು ಹಿಂಜರಿದೆ. "ಮಧ್ಯಾಹ್ನದ ರೈಲಿಗೆ ಬರ್ತೀವಿ ಅಂತ ಹೇಳಿ ಬಂದೀವಿ ಅತ್ತಿ. ಮನಿಯಾಗೆ ಕಾಯ್ತಾರೆ."

"ಅವನು ಗಿರಣಿಯಿಂದ ಬರೋದೇ ಸಂಜಿಗೆ. ರೈಲು ಸಂಜಿಗೂ ಐತೆ," ಎಂದರು ಅತ್ತೆ. ಎದ್ದು ಸೀರೆ ಕೊಡವಿಕೊಂಡು ಹರಿಗೋಲಿನ ಕಡೆ ನಡೆದರು. ನಾನು ಹಿಂದೆ ಓಡಿದೆ.

ಬೆಳಿಗ್ಗೆ ದಿಕ್ಕು ತಪ್ಪಿಸಿದ್ದ ಅದೇ ನೀರಿನ ಮೇಲೆ ಹರಿಗೋಲು ಮೆಲ್ಲಗೆ ತೂಗುತ್ತ ದಾಟಿತು. ಅತ್ತೆ ಅಂಚಿಗೆ ಒರಗಿ ಕೈಯನ್ನು ನೀರಿಗೆ ಬಿಟ್ಟಿದ್ದರು. ಆಚೆ ದಡ ಆಗ ಧಾರವಾಡ ಜಿಲ್ಲೆ. ಅತ್ತೆ ಹುಟ್ಟಿದ್ದು, ಮದುವೆಯಾಗಿದ್ದು, ಬಾಳಿದ್ದು ಎಲ್ಲ ಈಚೆಗೇ. ಜಿಲ್ಲೆ ದಾಟಿದ್ದು ಅದೇ ಮೊದಲು ಎಂದು ನಾನು ಹೇಳಿದಾಗ ಹೊಸ ನೆಲದ ಮೇಲೆ ಕಾಲಿಟ್ಟು, ಕೆಳಗೆ ನೋಡಿ, "ಮಣ್ಣು ಒಂದೇ ಐತೆ" ಎಂದರು. ಗಾಣದ ಹತ್ತಿರ ಕಬ್ಬಿನ ಹಾಲು ಕುಡಿದೆವು. ಆ ಮನೆಯ ಪಡಸಾಲೆಯಲ್ಲಿ ಹೆಂಗಸರ ಗುಂಪು ಸೇರಿತು. ಎರಡು ಊರಿನ ಹಾಡಿನ ಕಡೆಯ ನುಡಿಗಳನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಯಾವುದು ಸರಿ ಎಂದು ಯಾರೂ ಜಗಳವಾಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಂಬಿಗ ನಮ್ಮನ್ನು ಈಚೆ ದಡಕ್ಕೆ ಬಿಟ್ಟ. ಹೊರಡುವಾಗ ಆ ಮನೆಯವರು ಒಂದು ಹೊರೆ ಕಬ್ಬು ಕೊಟ್ಟಿದ್ದರು.

ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದಾಗ ನಮ್ಮ ಮನೆಯವರು ಪ್ಲಾಟ್‌ಫಾರಂ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದರು. ನಮ್ಮನ್ನು ಕಂಡ ಕೂಡಲೇ ಬಂದರು. "ಎಲ್ಲಿಗೆ ಹೋಗಿದ್ರಿ? ಮಧ್ಯಾಹ್ನದ ರೈಲಿಗೆ ಬರಲಿಲ್ಲ ಅಂತ ಪಕ್ಕದ ಮನಿಯಾಕಿ ಹೇಳಿದ್ಲು. ಎರಡು ರೈಲು ನೋಡ್ದೆ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಧಾರವಾಡ ಜಿಲ್ಲೆಗೆ ಹೋಗಿದ್ವಿ."

ಅವರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಅತ್ತೆ ಕಬ್ಬಿನ ಹೊರೆಯನ್ನು ಮಗನ ಹೆಗಲಿಗೆ ಏರಿಸಿ, ಗೇಟಿನ ಕಡೆ ಮುಂದೆ ಮುಂದೆ ನಡೆದರು.